‘ಸುಮ್ನೆ ಸಿಎಸ್‌ವಿ ತೆಗೆದು ಹಾಕ್ಬಿಡು’ ಅನ್ನೋರ ಮಾತು ಕೇಳ್ಬೇಡಿ

ಭಾಗ 1/10

ಫೋಟೋ ನೋಡಿ ನಗ್ಬೇಡಿ. ಛೋಟಾ ಹಾಥಿ ಮೇಲೆ ಮಂಚ, ಮಂಚದ ಮೇಲೆ ವಾಷಿಂಗ್ ಮೆಷಿನ್, ಅದರ ಮೇಲೆ ತುಳಸಿ ಕುಂಡ. ಭಾನುವಾರ ನಮ್ಮ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡ್ತಿದ್ರು.

ಬೆಂಗಳೂರಲ್ಲಿ ಬಾಡಿಗೆ ಮನೇಲಿರೋ ಎಲ್ಲರಿಗೂ ಗೊತ್ತು, ಮನೆ ಬದಲಿಸೋದು ಅಂದ್ರೆ ಬರೀ ಗಾಡಿ ಕರೆಯೋದಲ್ಲ. ಅಟ್ಟದ ಮೇಲೆ ಏನಿದೆ ಅಂತ ಇಳಿಸಿ ನೋಡ್ಬೇಕು. ಒಡೆಯೋ ಸಾಮಾನಿಗೆ ಹಳೇ ಸೀರೆ ಸುತ್ಬೇಕು. ಗ್ಯಾಸ್ ಕನೆಕ್ಷನ್ ವಿಳಾಸ ಬದಲಿಸ್ಬೇಕು. ಹೊಸ ಮನೇಲಿ ಹಾಲು ಉಕ್ಕಿಸೋ ತನಕ ಹಳೇ ಮನೆ ಕೀಲಿ ಕೈ ವಾಪಸ್ ಕೊಡಬಾರ್ದು. ಇದನ್ನೆಲ್ಲ ನಮ್ಮ ಅಮ್ಮಂದಿರು ಯಾವ ಸರ್ಟಿಫಿಕೇಟೂ ಇಲ್ಲದೆ ಮಾಡ್ತಾರೆ.

ಇದೇ ನಾವು ಆಫೀಸಿಗೆ ಹೋಗಿ ಕೂತ ತಕ್ಷಣ ಬುದ್ಧಿ ಎಲ್ಲಿಗೆ ಹೋಗುತ್ತೆ? ಹತ್ತು ವರ್ಷದ ಪ್ರಾಜೆಕ್ಟ್ ದಾಖಲೆಯನ್ನ ಹಳೇ ಸರ್ವರ್‌ನಿಂದ ಕ್ಲೌಡ್‌ಗೆ ಸಾಗಿಸಬೇಕು ಅಂದ್ರೆ, ಮೀಟಿಂಗಲ್ಲಿ ಯಾರೋ ಒಬ್ಬರು ಕಾಫಿ ಕಪ್ ಕೆಳಗಿಟ್ಟು ಹೇಳ್ತಾರೆ: ‘ಅಷ್ಟೇನಾ? ಸುಮ್ನೆ ಸಿಎಸ್‌ವಿ ತೆಗೆದು ಹಾಕ್ಬಿಡು. ಶುಕ್ರವಾರ ರಾತ್ರಿ ಮುಗಿಸಿಬಿಡು.’

ಈ ಸರಣಿ ಪೂರ್ತಿ ಆ ಒಂದು ವಾಕ್ಯದ ವಿರುದ್ಧ.

ನಮ್ಮ ಬ್ಯಾಚ್‌ನವರಲ್ಲಿ ಅರ್ಧ ಜನ ಈಗ ಸರ್ವೀಸ್ ಕಂಪನಿಗಳಲ್ಲಿದ್ದೀರಿ. ಫೈನಲ್ ಇಯರ್‌ನಲ್ಲಿರೋ ತಮ್ಮಂದಿರು, ತಂಗಿಯಂದಿರು ಇನ್ನೊಂದು ವರ್ಷದಲ್ಲಿ ಬರ್ತೀರಿ. ಫ್ರೆಷರ್‌ಗೆ ಮೊದಲು ಬೀಳೋ ಕೆಲಸಗಳಲ್ಲಿ ಇದೂ ಒಂದು, ಯಾಕಂದ್ರೆ ದೊಡ್ಡವರಿಗೆ ಇದು ಕೆಲಸ ಅಂತಲೇ ಅನ್ನಿಸಲ್ಲ. ಅದಕ್ಕೇ ಬರೀತಿದ್ದೀನಿ. ಸೇವ್ ಮಾಡಿಟ್ಕೊಳ್ಳಿ.

ಭಾಗ 2/10

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ, ಆಮೇಲೆ ಬೇರೆಯವರನ್ನ ಬೈಯ್ಯೋ ಹಕ್ಕು ಬರುತ್ತೆ.

2023ರ ಡಿಸೆಂಬರ್. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ನಮ್ಮ ಆಫೀಸಲ್ಲಿ ಜಿರಾ ಇತ್ತು, ನಮ್ಮದೇ ಸರ್ವರ್ ಮೇಲೆ. (ಜೀರಾ ರೈಸ್ ಜೋಕ್ ಮಾಡ್ಬೇಡಿ, ಆ ಹೆಸರು ಬಂದಿರೋದು ಗಾಡ್ಜಿಲ್ಲಾದ ಜಪಾನಿ ಹೆಸರು ‘ಗೊಜಿರಾ’ದಿಂದ.) 2024ರ ಫೆಬ್ರವರಿ 15ಕ್ಕೆ ಅಟ್ಲಾಸಿಯನ್ ಕಂಪನಿ ಸರ್ವರ್ ಆವೃತ್ತಿಗೆ ಬೆಂಬಲ ನಿಲ್ಲಿಸ್ತಿತ್ತು. ಇದನ್ನ ಅವರು 2020ರ ಅಕ್ಟೋಬರ್‌ನಲ್ಲೇ ಹೇಳಿದ್ರು. ನಮ್ಮವರು ಮೂರು ವರ್ಷ ಮಲಗಿದ್ದು, ಕೊನೇ ಎರಡು ತಿಂಗಳಲ್ಲಿ ಎದ್ದರು.

ಕೆಲಸ ನನಗೆ ಬಂತು. ಸಿಎಸ್‌ವಿ ತೆಗೆದೆ. ಫೈಲಲ್ಲಿ ‘ಕಾಮೆಂಟ್’ ಅನ್ನೋ ಕಾಲಮ್ ಒಂದಲ್ಲ, ನೂರಾರು. ಯಾವ ಟಿಕೆಟ್‌ಗೆ ಅತಿ ಹೆಚ್ಚು ಕಾಮೆಂಟ್ ಇದೆಯೋ, ಅಷ್ಟು ಕಾಲಮ್ ಬರುತ್ತೆ. ‘ಸಾರ್, ಇವನ್ನೂ ಮ್ಯಾಪ್ ಮಾಡ್ಲಾ?’ ಅಂದೆ. ‘ಹಳೇ ಕಾಮೆಂಟ್ ಯಾರು ಓದ್ತಾರಪ್ಪ, ಬಿಡು’ ಅಂದ್ರು. ಬಿಟ್ಟೆ. ಟೈಟಲ್, ವಿವರಣೆ, ಸ್ಟೇಟಸ್, ಅಸೈನಿ, ಇಷ್ಟೇ ಹೋಯ್ತು. ಫೆಬ್ರವರಿ ಕೊನೆಗೆ ಹಳೇ ಸರ್ವರ್ ಅಳಿಸಿ ಹಾಕಿದ್ರು.

ಏಪ್ರಿಲ್‌ನಲ್ಲಿ ಕ್ಲೈಂಟ್‌ನಿಂದ ದೂರು. ಒಂದೇ ಬಿಲ್ ಎರಡೆರಡು ಸಲ ಹೋಗ್ತಿದೆ. ಕಾರಣ, ಹಿಂದಿನ ವರ್ಷ ತೆಗೆದುಹಾಕಿದ್ದ ಒಂದು ಚೆಕ್. ಯಾರು ತೆಗೆದದ್ದು? ಹೊಸ ಜಿರಾದಲ್ಲಿ ಟಿಕೆಟ್ ಮೇಲೆ ನನ್ನ ಪಕ್ಕದ ಸೀಟಿನ ಹುಡುಗಿ ಹೆಸರು. ‘ಇದನ್ನ ತೆಗೆಯೋದು ಬೇಡ, ಬಿಲ್ ಡಬಲ್ ಆಗುತ್ತೆ’ ಅಂತ ಅವಳು ಅದೇ ಟಿಕೆಟ್ ಕೆಳಗೆ ಬರೆದಿದ್ದಳು. ‘ಕ್ಲೈಂಟ್‌ಗೆ ರಿಲೀಸ್ ಬೇಕು, ತೆಗಿ’ ಅಂತ ಮೇಲಿನವರೊಬ್ಬರು ಉತ್ತರ ಕೊಟ್ಟಿದ್ದರು. ಎರಡನ್ನೂ ನಾನೇ ಕಣ್ಣಾರೆ ಓದಿದ್ದೆ. ಈಗ ಎರಡೂ ಇಲ್ಲ. ಉತ್ತರ ಕೊಟ್ಟಿದ್ದವರಿಗೆ ನೆನಪೂ ಇಲ್ಲ.

ನಾನು ನೋಡಿದ್ದೀನಿ ಅಂತ ಹೇಳ್ದೆ. ‘ಪ್ರೂಫ್ ಇದೆಯಾ?’ ಅಂದ್ರು. ಅಪ್ರೈಸಲ್‌ನಲ್ಲಿ ಅವಳಿಗೆ ‘ಗಮನ ಸಾಲದು’ ಅಂತ ಬಿತ್ತು. ಜೂನ್‌ನಲ್ಲಿ ಕೆಲಸ ಬಿಟ್ಟಳು.

ಆ ಕಾಲಮ್ ಬಿಟ್ಟ ಕೈ ನನ್ನದು.

ಭಾಗ 3/10

‘ಡೇಟಾ’ ಅನ್ನೋ ಪದವೇ ನಮ್ಮನ್ನ ಹಾಳು ಮಾಡಿರೋದು. ಡೇಟಾ ಅಂದ ತಕ್ಷಣ ತಲೆಗೆ ಬರೋದು ಸಾಲು, ಕಾಲಮ್, ಸಂಖ್ಯೆ. ಆದ್ರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಟೂಲ್‌ನಲ್ಲಿರೋದು ಅದಲ್ಲ. ಅಲ್ಲಿರೋದು ಯಾರು ಯಾವಾಗ ಏನು ಹೇಳಿದ್ರು, ಯಾರು ಬೇಡ ಅಂದ್ರು, ಯಾರು ಒಪ್ಪಿದ್ರು, ಯಾವ ದಿನ ಡೆಡ್‌ಲೈನ್ ಹಿಂದಕ್ಕೆ ಬಂತು, ಯಾರು ತಂದ್ರು ಅನ್ನೋದು.

ಊರಲ್ಲಿ ಪಂಚಾಯ್ತಿ ನಡಾವಳಿ ಪುಸ್ತಕ ಇರುತ್ತಲ್ಲ, ಅದೇ ಇದು. ನಡಾವಳಿ ಪುಸ್ತಕದಲ್ಲಿ ಬರೀ ನಿರ್ಣಯ ಇಟ್ಕೊಂಡು, ಯಾರು ಸೂಚಿಸಿದ್ರು, ಯಾರು ವಿರೋಧಿಸಿದ್ರು ಅನ್ನೋ ಸಾಲುಗಳನ್ನ ಹರಿದು ಹಾಕಿದ್ರೆ ಒಪ್ಪಿಕೊಳ್ತೀರಾ?

ಒಂದು ನಿಜ ಘಟನೆ ಹೇಳ್ತೀನಿ. 2017ರ ಜನವರಿ 31. ಗಿಟ್‌ಲ್ಯಾಬ್ ಅನ್ನೋ ಕಂಪನಿಯ ಎಂಜಿನಿಯರ್ ಒಬ್ಬರು ರಾತ್ರಿ ಹೊತ್ತು, ದಣಿವಿನಲ್ಲಿ, ತಪ್ಪು ಸರ್ವರ್ ಮೇಲೆ ಡಿಲೀಟ್ ಕಮಾಂಡ್ ಕೊಟ್ಟರು. ಸುಮಾರು 300 ಜಿಬಿ ಇದ್ದ ಡೇಟಾಬೇಸ್, ನಿಲ್ಲಿಸೋ ಹೊತ್ತಿಗೆ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗೆ ಹಲವು ವ್ಯವಸ್ಥೆ ಇದ್ದವು. ತೆಗೆದು ನೋಡಿದ್ರೆ ಒಂದೂ ನೆಟ್ಟಗೆ ಕೆಲಸ ಮಾಡ್ತಿರಲಿಲ್ಲ. ಆರು ಗಂಟೆ ಹಿಂದೆ ಯಾರೋ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ನಕಲು ಇತ್ತು. ಅದೇ ಕಾಪಾಡಿತು.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ದಿನ ಯಾರ ಕೋಡೂ ಕಳೆದುಹೋಗಲಿಲ್ಲ. ಗಿಟ್ ರೆಪೊಗಳು ಬೇರೆ ಕಡೆ ಇದ್ದವು, ಸುರಕ್ಷಿತವಾಗಿದ್ದವು. ಕಳೆದುಹೋದದ್ದು ಆ ಆರು ಗಂಟೆಯ ಇಶ್ಯೂಗಳು, ಕಾಮೆಂಟ್‌ಗಳು, ಹೊಸ ಯೂಸರ್‌ಗಳು. ಅಂದ್ರೆ ಜನ ಆಡಿದ ಮಾತು. ಕೋಡ್ ಆದ್ರೆ ಪ್ರತಿಯೊಬ್ಬರ ಲ್ಯಾಪ್‌ಟಾಪಲ್ಲೂ ಒಂದು ನಕಲು ಇರುತ್ತೆ. ಮಾತಿಗೆ ಇರೋದು ಒಂದೇ ಜಾಗ. ಅದಕ್ಕೇ ಅದನ್ನ ಸಾಗಿಸೋವಾಗ ಕೋಡ್‌ಗಿಂತ ಹೆಚ್ಚು ಎಚ್ಚರ ಬೇಕು.

ಭಾಗ 4/10

ಸರಿ, ದಾರಿಗಳು ಎಷ್ಟಿವೆ? ಜಿರಾ ಉದಾಹರಣೆಯಲ್ಲೇ ಹೇಳ್ತೀನಿ, ಬೇರೆ ಟೂಲ್‌ಗಳಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಒಂದು, ಸಿಎಸ್‌ವಿ. ಅಲ್ಪಸ್ವಲ್ಪ ಟಿಕೆಟ್, ಚಿಕ್ಕ ಟೀಮ್, ಹಿಂದಿನ ಕಥೆ ಬೇಡ ಅಂದ್ರೆ ಸಾಕು. ಕಷ್ಟಪಟ್ಟು ಮ್ಯಾಪ್ ಮಾಡಿದ್ರೆ ಕಾಮೆಂಟೂ ಬರುತ್ತೆ, ಹಳೇ ತಾರೀಖೂ ಬರುತ್ತೆ. ಆದ್ರೆ ‘ಹಿಸ್ಟರಿ’ ಟ್ಯಾಬ್, ಅಂದ್ರೆ ಯಾರು ಯಾವ ಫೀಲ್ಡನ್ನ ಯಾವಾಗ ಬದಲಿಸಿದ್ರು ಅನ್ನೋದು ಬರಲ್ಲ.

ಎರಡು, ಎಪಿಐ ಬಳಸಿ ಸ್ಕ್ರಿಪ್ಟ್. ನಮ್ಮ ಹುಡುಗರಿಗೆ ಇದೇ ಇಷ್ಟ, ‘ಪೈಥಾನ್‌ನಲ್ಲಿ ಎರಡು ಗಂಟೆ ಕೆಲಸ ಮಚ್ಚಾ’ ಅಂತಾರೆ. ಎಪಿಐ ಮೂಲಕ ಕಾಮೆಂಟ್ ಹಾಕಿದ್ರೆ ಅದು ಸ್ಕ್ರಿಪ್ಟ್ ನಡೆಸಿದವರ ಹೆಸರಲ್ಲಿ, ಇವತ್ತಿನ ತಾರೀಖಲ್ಲಿ ಬೀಳುತ್ತೆ. ಇಡೀ ಕಂಪನಿ ಆಡಿದ ಮಾತನ್ನೆಲ್ಲ ನೀವೊಬ್ಬರೇ ಒಂದೇ ರಾತ್ರಿ ಆಡಿದ ಹಾಗೆ ಕಾಣುತ್ತೆ. ಜತೆಗೆ, ಬೇಗ ಬೇಗ ಕೇಳಿದ್ರೆ ಕ್ಲೌಡ್ ‘ತಡ್ಕೋ’ ಅಂತ 429 ಎರರ್ ಕೊಡುತ್ತೆ. ಅದನ್ನ ಸರಿಯಾಗಿ ನಿಭಾಯಿಸದಿದ್ರೆ ಮಧ್ಯೆ ಮಧ್ಯೆ ಟಿಕೆಟ್ ಹಾರಿಹೋಗುತ್ತೆ.

ಮೂರು, ಪೂರ್ತಿ ಬ್ಯಾಕಪ್ ತೆಗೆದು ಹೊಸ ಸೈಟಿಗೆ ಒಂದೇ ಗಂಟಾಗಿ ಇಳಿಸೋದು. ಎಲ್ಲವೂ ಬರುತ್ತೆ, ಕಸವೂ ಬರುತ್ತೆ. ಹೊಸ ಕಡೆ ಆಗಲೇ ಯಾರಾದ್ರೂ ಕೆಲಸ ಶುರು ಮಾಡಿದ್ರೆ ಅದರ ಮೇಲೆ ಇದು ಕೂತುಬಿಡುತ್ತೆ.

ನಾಲ್ಕು, ಟೂಲ್ ಕಂಪನಿಯೇ ಕೊಡೋ ಮೈಗ್ರೇಶನ್ ಅಸಿಸ್ಟೆಂಟ್. ಹಳೇ ಸರ್ವರ್ ಮೇಲೆ ಕೂರಿಸಿ, ಯಾವ ಪ್ರಾಜೆಕ್ಟ್ ಬೇಕು ಅಂತ ಆರಿಸಿ ಕಳಿಸಬಹುದು. ಹಿಸ್ಟರಿ, ಕಾಮೆಂಟ್, ಅಟ್ಯಾಚ್‌ಮೆಂಟ್, ಯೂಸರ್‌ಗಳು ಜತೆಗೇ ಹೋಗ್ತಾರೆ. ಕಳಿಸೋ ಮುಂಚೆ ‘ಇಲ್ಲಿ ತೊಂದರೆ ಇದೆ’ ಅಂತ ತಪಾಸಣೆ ಕೂಡ ಮಾಡುತ್ತೆ.

ನಾಲ್ಕನೇದು ಇರೋವಾಗ ಒಂದನೇದನ್ನ ಯಾಕೆ ಆರಿಸ್ತಾರೆ? ನಾಲ್ಕನೇದಕ್ಕೆ ಕೂತು ಓದ್ಬೇಕು. ಒಂದನೇದಕ್ಕೆ ಒಬ್ಬ ಫ್ರೆಷರ್ ಸಾಕು.

ಭಾಗ 5/10

ಸಿಎಸ್‌ವಿ ಬಗ್ಗೆ ಇನ್ನೊಂದು ಮಾತು, ಯಾಕಂದ್ರೆ ಇದು ‘ಸರಳ’ ಅನ್ನೋ ಹೆಸರಲ್ಲಿ ತಪ್ಪಿಸಿಕೊಳ್ತಾ ಬಂದಿದೆ.

ನಿಮ್ಮ ಟಿಕೆಟ್‌ಗಳಲ್ಲಿ ಕನ್ನಡ ಇದೆ ಅಂದ್ಕೊಳ್ಳಿ. ನಮ್ಮ ರಾಜ್ಯದ ಗ್ರಾಹಕರು ಇರೋ ಪ್ರಾಜೆಕ್ಟ್‌ಗಳಲ್ಲಿ ಇದ್ದೇ ಇರುತ್ತೆ, ಆ್ಯಪ್‌ನ ಬಟನ್ ಪಠ್ಯ, ಗ್ರಾಹಕರ ದೂರು, ಹೆಸರು, ವಿಳಾಸ. ಯುಟಿಎಫ್-8ನಲ್ಲಿರೋ ಸಿಎಸ್‌ವಿಯನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದು ನೋಡಿ. ಎಷ್ಟೋ ಸಲ ಕನ್ನಡದ ಜಾಗದಲ್ಲಿ ಚಿತ್ರ ವಿಚಿತ್ರ ಗುರುತು ಬಂದಿರುತ್ತೆ. ಅಲ್ಲೇ ಸೇವ್ ಒತ್ತಿದ್ರೆ ಮುಗೀತು, ಆ ಕನ್ನಡ ವಾಪಸ್ ಬರೋದು ಕಷ್ಟ. ಇಂಗ್ಲಿಷ್ ಪ್ರಾಜೆಕ್ಟ್ ಮಾಡೋರಿಗೆ ಈ ಸಮಸ್ಯೆ ಇದೆ ಅಂತಲೂ ಗೊತ್ತಾಗಲ್ಲ. ಹಾಗಾಗಿ ಅವರ ‘ಎಲ್ಲ ಓಕೆ’ ನಮಗೆ ಓಕೆ ಅಲ್ಲ.

ತಾರೀಖು ಇನ್ನೊಂದು. 03/04 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಮ್ಯಾಪಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದ್ರೆ ಡೆಡ್‌ಲೈನ್ ಒಂದು ತಿಂಗಳು ಹಾರುತ್ತೆ. 12ನೇ ತಾರೀಖು ದಾಟಿದ ಮೇಲೆ ಎರರ್ ಬರುತ್ತೆ, ಅದಕ್ಕೆ ಮುಂಚಿನವು ಸದ್ದಿಲ್ಲದೆ ತಪ್ಪಾಗಿ ಕೂರುತ್ತವೆ.

ಇದು ನಮ್ಮ ಕ್ಯಾಬಿನ್ ಸಮಸ್ಯೆ ಮಾತ್ರ ಅಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಸಮಿತಿ ಒಂದಿದೆ. ‘ಮಾರ್ಚ್1’, ‘ಸೆಪ್ಟ್1’ ಅಂತ ಓದೋ ಜೀನ್ ಹೆಸರುಗಳನ್ನ ಎಕ್ಸೆಲ್ ತಾರೀಖು ಅಂದ್ಕೊಂಡು ಬದಲಿಸ್ತಾನೇ ಇತ್ತು. ಸಂಶೋಧನೆ ಲೇಖನಗಳ ಜತೆಗಿನ ಪಟ್ಟಿಗಳೆಲ್ಲ ಕೆಡ್ತಿದ್ದವು. ಕೊನೆಗೆ ಸಮಿತಿಯೇ ಸೋತು, ಆ ಜೀನ್‌ಗಳ ಹೆಸರನ್ನೇ ಬದಲಿಸಿತು, 2020ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು.

ವಿಜ್ಞಾನಿಗಳು ಜೀನ್ ಹೆಸರು ಬದಲಿಸಿಕೊಂಡ್ರು. ನೀವು ಶುಕ್ರವಾರ ರಾತ್ರಿ ಒಬ್ಬರೇ ಕೂತು ಅದೇ ದಾರಿಯಲ್ಲಿ ನಲವತ್ತು ಕಾಲಮ್ ಸಾಗಿಸ್ತೀರಿ. ಧೈರ್ಯ ಮೆಚ್ಚಬೇಕು!

ಭಾಗ 6/10

ಎರಡನೇ ಸುಳ್ಳು: ‘ಒಂದೇ ರಾತ್ರಿಯಲ್ಲಿ ಮುಗಿಸಿಬಿಡು.’

ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯದಲ್ಲಿ ಗ್ರಾಹಕರ ಖಾತೆಗಳನ್ನ ಹಳೇ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಡೇಟಾ ಏನೋ ಹೋಯ್ತು, ಆದ್ರೆ ಹೊಸ ವ್ಯವಸ್ಥೆ ಭಾರ ತಡೀಲಿಲ್ಲ. ಲಕ್ಷಾಂತರ ಜನ ತಮ್ಮ ಖಾತೆ ಒಳಗೆ ಹೋಗಲಾಗದೆ ಒದ್ದಾಡಿದ್ರು. ಎಲ್ಲ ಮಾಮೂಲಿಗೆ ಬರೋಕೆ ಆ ವರ್ಷದ ಡಿಸೆಂಬರ್ ಆಯ್ತು. ಮುಖ್ಯಸ್ಥರು ಹುದ್ದೆ ಬಿಟ್ಟರು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಹಾಕಿದ್ರು.

‘ಅದು ಬ್ಯಾಂಕು, ನಮ್ಮದು ಬರೀ ಟಿಕೆಟ್’ ಅಂತೀರಾ? ಗಾತ್ರ ಬೇರೆ, ತಪ್ಪು ಒಂದೇ. ಎಲ್ಲ ಮೊಟ್ಟೆ ಒಂದೇ ಬುಟ್ಟಿ, ಒಂದೇ ರಾತ್ರಿ, ಹಿಂದೆ ಬರೋ ದಾರಿ ಇಲ್ಲ.

ಕಂತಲ್ಲಿ ಸಾಗಿಸಿ. ಅಟ್ಯಾಚ್‌ಮೆಂಟ್ ಎಲ್ಲಕ್ಕಿಂತ ಭಾರ, ಅದನ್ನ ವಾರ ಮುಂಚೆಯೇ ಕಳಿಸಬಹುದು. ಯೂಸರ್‌ಗಳನ್ನೂ ಮುಂಚೆ ಕಳಿಸಬಹುದು. ಆಮೇಲೆ ಒಂದು ಚಿಕ್ಕ, ತಾಳ್ಮೆ ಇರೋ ಟೀಮಿನ ಪ್ರಾಜೆಕ್ಟ್. ಅವರು ಒಂದು ವಾರ ಬಳಸಿ ಬೈದ ಮೇಲೆ ಉಳಿದವರು.

ಎದುರು ವಾದ ಇದೆ, ಅದು ಪೊಳ್ಳು ವಾದವೇನಲ್ಲ. ಕಂತಲ್ಲಿ ಹೋದ್ರೆ ಕೆಲವು ವಾರ ಎರಡೂ ವ್ಯವಸ್ಥೆ ನಡೀಬೇಕು. ಈ ಪ್ರಾಜೆಕ್ಟ್‌ನ ಟಿಕೆಟ್ ಆ ಪ್ರಾಜೆಕ್ಟ್‌ಗೆ ಕೊಂಡಿ ಹಾಕಿದ್ರೆ, ಒಂದು ಇಲ್ಲಿ ಒಂದು ಅಲ್ಲಿ ಆಗುತ್ತೆ. ದುಡ್ಡೂ ಜಾಸ್ತಿ. ಹತ್ತು ಜನರ ಟೀಮ್, ಎರಡೇ ಪ್ರಾಜೆಕ್ಟ್ ಇದ್ರೆ ನಾನೂ ಹೇಳ್ತೀನಿ, ಒಂದೇ ಶನಿವಾರ ಮುಗಿಸಿ. ಆದ್ರೆ ಅದಕ್ಕೂ ಮುಂಚೆ ಒಂದು ಸಲ ಖಾಲಿ ಸೈಟ್ ಮೇಲೆ ಪೂರ್ತಿ ತಾಲೀಮು ಮಾಡಿ. ತಾಲೀಮಿಲ್ಲದೆ ನಮ್ಮ ಕಾಲೇಜಿನ ನಾಟಕವೂ ನಡೀಲಿಲ್ಲ, ನೆನಪಿದೆ ಅಲ್ವಾ?

ಭಾಗ 7/10

ಈ ಫೋಟೋ ನಮ್ಮಜ್ಜಿ ಮನೆ ಅಟ್ಟದ್ದು. 

ಅಟ್ಟದಲ್ಲಿ ಎರಡು ಥರದ ಸಾಮಾನು ಇರುತ್ತೆ. ಹಿತ್ತಾಳೆ ಕೊಳಗ ಒಂದು ಥರ, ಮುರಿದ ಛತ್ರಿ ಇನ್ನೊಂದು ಥರ. ಎಲ್ಲ ತಗೊಂಡು ಹೋಗೋರೂ ದಡ್ಡರು, ಎಲ್ಲ ಬಿಸಾಕೋರೂ ದಡ್ಡರು. ‘ಹೊಸದಾಗಿ ಶುರು ಮಾಡೋಣ, ಹಳೇದೇನೂ ಬೇಡ’ ಅನ್ನೋರು ಎರಡನೇ ಗುಂಪು. ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಹಳೇದು ಬೇಡ ಅನ್ನೋರು ಸಾಮಾನ್ಯವಾಗಿ ಹಳೇದರಲ್ಲಿ ಸಿಕ್ಕಿಬೀಳೋರೇ ಆಗಿರ್ತಾರೆ.

ಬಿಡಬೇಕಾದ್ದು: ಯಾರೂ ತೆಗೀದ ಪ್ರಾಜೆಕ್ಟ್, ಒಂದೇ ಅರ್ಥದ ಏಳು ಸ್ಟೇಟಸ್ (‘ಡನ್’, ‘ಕ್ಲೋಸ್ಡ್’, ‘ಕಂಪ್ಲೀಟೆಡ್’, ‘ಫಿನಿಶ್ಡ್’ ಎಲ್ಲ ಒಂದೇ ಕಣ್ರಪ್ಪಾ), ಎಂಟು ಜನ ಮ್ಯಾನೇಜರ್‌ಗಳು ಬಂದು ಹೋಗ್ತಾ ಒಬ್ಬೊಬ್ಬರು ಒಂದೊಂದು ಸೇರಿಸಿದ ಕಸ್ಟಮ್ ಫೀಲ್ಡ್. ಇದನ್ನ ಸಾಗಿಸೋ ಮುಂಚೆಯೇ ಹಳೇ ಕಡೆ ಸರಿ ಮಾಡಿ. ಹೊಸ ಮನೆಗೆ ಹೋದ ಮೇಲೆ ಯಾರೂ ಡಬ್ಬ ಬಿಚ್ಚಲ್ಲ.

ಉಳಿಸಬೇಕಾದ್ದು: ಮುಗಿದ ಪ್ರಾಜೆಕ್ಟ್‌ನ ನಿರ್ಧಾರಗಳು, ಒಪ್ಪಿಗೆಗಳು, ಜಗಳಗಳು. ಕ್ಲೌಡ್‌ಗೆ ಬೇಡ ಅಂದ್ರೆ ಓದೋಕೆ ಮಾತ್ರ ಆಗೋ ಹಾಗೆ ಹಳೇ ಕಡೆಯೇ ಇಟ್ಟುಕೊಳ್ಳಿ, ಹೊರಗಿನ ಇಂಟರ್ನೆಟ್‌ಗೆ ಮುಚ್ಚಿಟ್ಟು. ಗೂಗಲ್ ತನ್ನ ‘ಗೂಗಲ್ ಕೋಡ್’ ಮುಚ್ಚಿದಾಗ ಹೀಗೇ ಮಾಡಿತ್ತು. 2015ರ ಆಗಸ್ಟ್‌ನಲ್ಲಿ ಓದೋಕೆ ಮಾತ್ರ ಅಂತ ಮಾಡಿ, 2016ರ ಜನವರಿಯಲ್ಲಿ ಮುಚ್ಚಿ, ಆಮೇಲೂ ಹಳೇ ಪ್ರಾಜೆಕ್ಟ್‌ಗಳನ್ನ ಆರ್ಕೈವ್‌ನಲ್ಲಿ ಉಳಿಸಿತು.

ಮತ್ತೆ, ಸಾಗಿಸಲೇಬಾರದ್ದು ಒಂದಿದೆ. ಟಿಕೆಟ್‌ಗೆ ಅಂಟಿಸಿದ ಸ್ಕ್ರೀನ್‌ಶಾಟ್‌ಗಳನ್ನ ಒಮ್ಮೆ ತೆಗೆದು ನೋಡಿ. ಗ್ರಾಹಕರ ಆಧಾರ್, ಪ್ಯಾನ್, ಫೋನ್ ನಂಬರ್. ಕಾಮೆಂಟ್‌ನಲ್ಲಿ ‘ಪಾಸ್‌ವರ್ಡ್ ಇದು’ ಅಂತ ನೇರವಾಗಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಬಂದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅನ್ನೋ ಮಾತು ನಡೆಯಲ್ಲ. ಅದು ನಮ್ಮ ಸಾಮಾನಲ್ಲ, ಬೇರೆಯವರದ್ದು. ನಮ್ಮ ಅನುಕೂಲಕ್ಕೆ ಊರೂರು ತಿರುಗಿಸೋ ಹಾಗಿಲ್ಲ.

ಭಾಗ 8/10

ಇದು ಯಾರೂ ಹೇಳದ ಭಾಗ: ಹೆಸರು.

ಹಳೇ ಸರ್ವರ್‌ನಲ್ಲಿ ನೀವು ಒಂದು ಯೂಸರ್‌ನೇಮ್. ಕ್ಲೌಡ್‌ನಲ್ಲಿ ನೀವು ಒಂದು ಇಮೇಲ್ ವಿಳಾಸ. ಎರಡನ್ನೂ ಜೋಡಿಸೋದು ಆ ಇಮೇಲ್. ಹಳೇ ಸರ್ವರ್‌ನಲ್ಲಿ ಇಮೇಲ್ ಖಾಲಿ ಇದ್ರೆ, ತಪ್ಪಿದ್ರೆ, ಇಬ್ಬರಿಗೂ ಒಂದೇ ಇದ್ರೆ, ಅಲ್ಲೇ ಗಂಟು ಬೀಳುತ್ತೆ.

ಯಾರಿಗೆ ಹೀಗಾಗುತ್ತೆ ಗೊತ್ತಾ? ಮ್ಯಾನೇಜರ್‌ಗಳಿಗಲ್ಲ. ಕಾಂಟ್ರಾಕ್ಟ್ ಮೇಲೆ ಆರು ತಿಂಗಳು ಬಂದು ಹೋದವರಿಗೆ, ಇಂಟರ್ನ್‌ಗಳಿಗೆ, ಕೆಲಸ ಬಿಟ್ಟವರಿಗೆ. ‘ಅವರು ಈಗ ಇಲ್ವಲ್ಲ, ಆ ಯೂಸರ್‌ಗಳನ್ನ ತೆಗೆದುಬಿಡು’ ಅಂತಾರೆ. ಆಗ ಅವರು ಬರೆದ ಕಾಮೆಂಟ್ ಉಳಿದ್ರೂ ಹೆಸರಿನ ಜಾಗದಲ್ಲಿ ‘ಹಿಂದಿನ ಬಳಕೆದಾರ’ ಅಂತಷ್ಟೇ ಬೀಳಬಹುದು. ಎರಡು ವರ್ಷ ದುಡಿದವರ ಗುರುತು ಅಷ್ಟೇ.

ನೀವು ಇಂಟರ್ನ್‌ಶಿಪ್ ಮುಗಿಸಿ, ಎಲ್ಲೋ ಇಂಟರ್‌ವ್ಯೂನಲ್ಲಿ ‘ಆ ಬಗ್ ಹಿಡಿದದ್ದು ನಾನು’ ಅಂತ ಹೇಳ್ತೀರಿ. ಹಳೇ ಕಂಪನಿಗೆ ಕೇಳಿದ್ರೆ ಅಲ್ಲಿ ಯಾರ ಹೆಸರಿದೆ? ಮೈಗ್ರೇಶನ್ ಮಾಡಿದವನ ಹೆಸರು! ನಮ್ಮ ಆಫೀಸಲ್ಲಿ ಸಾವಿರಾರು ಟಿಕೆಟ್‌ಗೆ ‘ರಿಪೋರ್ಟರ್’ ನಾನೇ ಆಗಿದ್ದೆ, ಎಲ್ಲವೂ ಒಂದೇ ತಾರೀಖಲ್ಲಿ ಹುಟ್ಟಿದ್ದವು. ನನ್ನಷ್ಟು ದುಡಿದವರು ಭೂಮಿ ಮೇಲೆ ಇಲ್ಲ ಅನ್ನಿಸುತ್ತೆ ಆ ಪಟ್ಟಿ ನೋಡಿದ್ರೆ. ನಾಚಿಕೆ ಆಗುತ್ತೆ.

ಇದರ ಜತೆಗೇ ಪ್ಲಗಿನ್‌ಗಳ ಮಾತು. ಟೈಮ್‌ಶೀಟ್, ಟೆಸ್ಟ್ ಕೇಸ್ ಇವೆಲ್ಲ ಎಷ್ಟೋ ಕಡೆ ಬೇರೆ ಕಂಪನಿಯವರ ಪ್ಲಗಿನ್‌ನಲ್ಲಿ ಇರುತ್ತೆ. ಜಿರಾ ಹೋದ ಮಾತ್ರಕ್ಕೆ ಅದು ಹೋಗಲ್ಲ. ಆ ಪ್ಲಗಿನ್ ಮಾಡಿದವರು ದಾರಿ ಕೊಟ್ಟಿದ್ದಾರಾ ಅಂತ ಒಂದೊಂದನ್ನೂ ಬೇರೆಯಾಗಿ ಕೇಳ್ಬೇಕು. ನಿಮ್ಮ ಓವರ್‌ಟೈಮ್ ಗಂಟೆಗಳು ಅಲ್ಲಿ ಕೂತಿರಬಹುದು, ನೆನಪಿಡಿ.

ಭಾಗ 9/10

‘ಕ್ಲೌಡ್‌ಗೆ ಹೋದ ಮೇಲೆ ಚಿಂತೆ ಇಲ್ಲ, ಅವರೇ ನೋಡ್ಕೊಳ್ತಾರೆ’ ಅನ್ನೋರಿಗೂ ಒಂದು ಮಾತು.

2022ರ ಏಪ್ರಿಲ್ 5. ಅಟ್ಲಾಸಿಯನ್‌ನವರೇ ಒಂದು ಹಳೇ ಆ್ಯಪ್ ಅಳಿಸೋಕೆ ಸ್ಕ್ರಿಪ್ಟ್ ನಡೆಸಿದ್ರು. ಆ್ಯಪ್‌ನ ಗುರುತು ಸಂಖ್ಯೆ ಕೊಡೋ ಬದಲು ಇಡೀ ಸೈಟ್‌ಗಳ ಸಂಖ್ಯೆ ಹೋಗಿತ್ತು. ಸ್ಕ್ರಿಪ್ಟ್ ಹೇಳಿದ ಕೆಲಸ ಮಾಡಿತು. 775 ಗ್ರಾಹಕ ಸಂಸ್ಥೆಗಳ ಸೈಟ್ ಮಾಯ. ಕೆಲವರಿಗೆ ವಾಪಸ್ ಸಿಗೋಕೆ ಎರಡು ವಾರದ ತನಕ ಹಿಡೀತು. ಅವರ ಬಳಿ ಬ್ಯಾಕಪ್ ಇತ್ತು, ಆದ್ರೆ ಅಷ್ಟೊಂದು ಸೈಟ್‌ಗಳನ್ನ ಒಟ್ಟಿಗೇ ಎಬ್ಬಿಸೋ ಸಿದ್ಧತೆ ಇರಲಿಲ್ಲ. ಏನಾಯ್ತು ಅನ್ನೋದನ್ನ ಅವರೇ ಬಹಿರಂಗವಾಗಿ ಬರೆದಿದ್ದಾರೆ, ಹುಡುಕಿ ಓದಿ. ನಾಲ್ಕು ವರ್ಷದ ಕ್ಲಾಸಿಗಿಂತ ಹೆಚ್ಚು ಕಲೀತೀರಿ.

ಕ್ಲೌಡ್ ಬೇಡ ಅಂತಲ್ಲ ನನ್ನ ವಾದ. ನಮ್ಮ ಆಫೀಸಿನ ಹಳೇ ಸರ್ವರ್ ಯುಪಿಎಸ್ ಪಕ್ಕದ ಗೂಡಿನಲ್ಲಿ ಧೂಳು ತಿಂತಾ ಇತ್ತು, ಅದಕ್ಕಿಂತ ಕ್ಲೌಡ್ ನೂರು ಪಾಲು ವಾಸಿ. ಆದ್ರೆ ಒಳಗೆ ಹೋಗೋ ಬಾಗಿಲು ನೋಡೋ ಮುಂಚೆ ಹೊರಗೆ ಬರೋ ಬಾಗಿಲು ಎಲ್ಲಿದೆ ನೋಡಿ. ಪೂರ್ತಿ ಡೇಟಾ ಹೊರಗೆ ತೆಗೀಬಹುದಾ? ಯಾವ ರೂಪದಲ್ಲಿ? ಎಷ್ಟು ದಿನಕ್ಕೊಮ್ಮೆ? ನಾವೇ ಬೇರೆ ಕಡೆ ಒಂದು ನಕಲು ಇಟ್ಕೊಳ್ಳೋದು ಯಾರ ಕೆಲಸ?

ಈ ಕಥೆ ಮುಗಿದಿಲ್ಲ ಅಂತಲೇ ಈಗ ಬರೀತಿರೋದು. ಸರ್ವರ್ ಬಿಟ್ಟು ‘ಡೇಟಾ ಸೆಂಟರ್’ ಆವೃತ್ತಿಗೆ ಹೋದವರಿಗೂ ಅಟ್ಲಾಸಿಯನ್ 2029ರ ಮಾರ್ಚ್ 28 ಅಂತ ಕೊನೇ ದಿನ ಕೊಟ್ಟಿದೆ. ಮೈಕ್ರೋಸಾಫ್ಟ್ ತನ್ನ ‘ಪ್ರಾಜೆಕ್ಟ್ ಆನ್‌ಲೈನ್’ ಅನ್ನ 2026ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸ್ತೀನಿ ಅಂದಿದೆ. ಅದಂತೂ ಕ್ಲೌಡ್‌ನಲ್ಲೇ ಇದ್ದದ್ದು. ಅಂದ್ರೆ ಕ್ಲೌಡ್‌ನಿಂದ ಕ್ಲೌಡ್‌ಗೂ ಮನೆ ಖಾಲಿ ಮಾಡಬೇಕಾಗುತ್ತೆ. ಬಾಡಿಗೆ ಮನೆ ಬಾಡಿಗೆ ಮನೆಯೇ, ಎಷ್ಟನೇ ಮಹಡಿ ಆದ್ರೂ.

ಈ ತಾರೀಖುಗಳ ಹಿಂದಿನ ಎರಡು ತಿಂಗಳಲ್ಲಿ ಯಾವುದೋ ಫ್ರೆಷರ್ ಮೇಜಿಗೆ ಈ ಕೆಲಸ ಬಂದು ಬೀಳುತ್ತೆ. ಅದು ನೀವೇ ಇರಬಹುದು.

ಭಾಗ 10/10

ಹಾಗಾದ್ರೆ ಏನ್ ಮಾಡ್ಬೇಕು? ಮ್ಯಾನೇಜರ್ ಜತೆ ಜಗಳ ಆಡಿ ಅಂತ ಹೇಳಲ್ಲ. ಫ್ರೆಷರ್‌ಗೆ ಆ ಐಷಾರಾಮ ಇಲ್ಲ, ನನಗೂ ಇರಲಿಲ್ಲ. ಪ್ರಶ್ನೆ ಕೇಳಿ, ಬರವಣಿಗೆಯಲ್ಲಿ ಕೇಳಿ. ಮೇಲ್‌ನಲ್ಲಿ ಐದೇ ಸಾಲು ಸಾಕು:

ಹಿಸ್ಟರಿ ಮತ್ತು ಕಾಮೆಂಟ್ ಬರ್ತಿದೆಯಾ, ಬರದಿದ್ರೆ ಬಿಡಲು ಒಪ್ಪಿದವರು ಯಾರು?
ತಾಲೀಮು ಯಾವಾಗ, ನೋಡಿ ಸರಿ ಅನ್ನೋರು ಯಾರು?
ಕೆಲಸ ಬಿಟ್ಟವರ ಹೆಸರು ಉಳಿಯುತ್ತಾ?
ಏನಾದ್ರೂ ಕೆಟ್ಟರೆ ಹಿಂದಕ್ಕೆ ಬರೋದು ಹೇಗೆ?
ಹಳೇ ಸರ್ವರ್ ಓದೋಕೆ ಮಾತ್ರ ಅಂತ ಎಷ್ಟು ದಿನ ಇರುತ್ತೆ?

‘ಯಾರು’ ಅನ್ನೋ ಪದ ಬರೆದ ತಕ್ಷಣ ಎಷ್ಟು ಜನರಿಗೆ ಇದ್ದಕ್ಕಿದ್ದಂತೆ ಮೈಗ್ರೇಶನ್ ಬಗ್ಗೆ ಆಸಕ್ತಿ ಹುಟ್ಟುತ್ತೆ ನೋಡಿ.

ತಾಲೀಮು ಆದ ಮೇಲೆ ಎಣಿಸಿ. ಪ್ರತಿ ಪ್ರಾಜೆಕ್ಟ್‌ನಲ್ಲಿ ಇಲ್ಲೆಷ್ಟು ಟಿಕೆಟ್, ಅಲ್ಲೆಷ್ಟು. ಸ್ಟೇಟಸ್ ಪ್ರಕಾರ ಎಷ್ಟು. ಆಮೇಲೆ ಕೈಯಾರೆ ಇಪ್ಪತ್ತು ಟಿಕೆಟ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಅತಿ ಹಳೇದು, ಅತಿ ಹೆಚ್ಚು ಕಾಮೆಂಟ್ ಇರೋದು, ಅತಿ ದೊಡ್ಡ ಅಟ್ಯಾಚ್‌ಮೆಂಟ್ ಇರೋದು, ಕನ್ನಡ ಇರೋದು, ಕೆಲಸ ಬಿಟ್ಟವರು ಬರೆದದ್ದು ಈ ಐದೂ ಅದರಲ್ಲಿ ಇರಲೇಬೇಕು. ‘ಸಕ್ಸೆಸ್’ ಅಂತ ಹಸಿರು ಬಣ್ಣ ಬಂದ್ರೆ ಸಾಗಾಟ ಮುಗೀತು ಅಂತ ಅರ್ಥ, ಸರಿಯಾಯ್ತು ಅಂತಲ್ಲ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? ಚಿಕ್ಕ ಟೀಮಿಗೆ ಎರಡು ಮೂರು ದಿನ. ನಾನು ಉಳಿಸಿದ್ದೂ ಅಷ್ಟೇ, ಎರಡು ಮೂರು ದಿನ. ಅದರ ಬೆಲೆ ಇನ್ನೊಬ್ಬರು ಕೊಟ್ಟರು.

ಅವಳಿಗೆ ಈ ಸರಣಿ ಹಾಕೋ ಮುಂಚೆ ಕಳಿಸಿದೆ. ಈಗ ಬೇರೆ ಕಡೆ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಎರಡು ದಿನ ನೋಡಿ ಸುಮ್ಮನಿದ್ದಳು. ಆಮೇಲೆ ಒಂದು ಸಾಲು ಬಂತು: ‘ಹಾಕು. ಆದ್ರೆ ಕಾಲಮ್ ಬಿಟ್ಟದ್ದು ನೀನು, ಬಿಡು ಅಂದದ್ದು ಅವರು. ಎರಡನ್ನೂ ಬರಿ.’

ಬರೆದಿದ್ದೀನಿ. ಹಿಸ್ಟರಿ ಟ್ಯಾಬ್ ಇರೋದೇ ಅದಕ್ಕೆ ಅಲ್ವಾ?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗಿದೆ ನನ್ನದು. ನಿಮ್ಮ ಕೋಟೆ ಬಾಗಿಲು ಇನ್ನೂ ತೆರೆದಿದೆ, ಈಗಲೇ ಹಾಕಿ. ನಿಮ್ಮ ಆಫೀಸಲ್ಲಿ ಹೇಗೆ ಮಾಡಿದ್ರು ಅಂತ ಕಾಮೆಂಟ್‌ನಲ್ಲಿ ಹೇಳಿ, ಕಂಪನಿ ಹೆಸರು ಬೇಡ. ಫೈನಲ್ ಇಯರ್‌ನವರನ್ನ ಟ್ಯಾಗ್ ಮಾಡಿ.

#ಕನ್ನಡದಲ್ಲಿ_ಟೆಕ್ #ಫ್ರೆಷರ್_ಪಾಠ #ಡೇಟಾ_ಮೈಗ್ರೇಶನ್ #ನಮ್ಮ_ಬ್ಯಾಚ್